ಬಾತುಕೋಳಿ ತರುವ ಮುಂಚೆ ಹಿಕ್ಕೆಯ ಲೆಕ್ಕ ಹಾಕೋಣ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿ, ಊರಲ್ಲಿ ಇನ್ನೂ ಗದ್ದೆ ಉಳಿಸಿಕೊಂಡಿರುವ ಕನ್ನಡ ಬಂಧುಗಳಿಗೆ,



ಯುಗಾದಿ ಊಟದ ದಿನ ಎಲ್ಲರ ಮೊಬೈಲಿನಲ್ಲೂ ಓಡಾಡಿದ ಜಪಾನಿನ ವಿಡಿಯೊ ನೋಡಿ ನನಗೂ ಖುಷಿಯಾಯಿತು. ಪೈರಿನ ಸಾಲುಗಳ ನಡುವೆ ಬಾತುಮರಿಗಳು ಈಜುತ್ತವೆ. ಕಳೆ ಮಾಯ, ಹುಳ ಮಾಯ, ಗೊಬ್ಬರ ಪುಕ್ಕಟೆ. ಅದನ್ನು ನೋಡಿದವರಿಗೆ ಊರಿನ ಹಡಿಲು ಗದ್ದೆ ನೆನಪಾಗುವುದು ಸಹಜ. ಆಮೇಲೆ ಮೂರೂ ನಗರಗಳವರು ಸೇರಿ ಹಣ ಹಾಕಿ, ಊರಲ್ಲಿ ಬಾತು ಸಾಕಿಸಿ, ಯೂರಿಯಾ ಚೀಲಕ್ಕೆ ಕೈಮುಗಿಯುವ ಯೋಜನೆ ತಯಾರಾಗಿದೆ ಎಂದು ಕೇಳಿದೆ. ನಿಮ್ಮ ಪಾಲು ಎಷ್ಟು ಬರೆಯೋಣ ಎಂದು ನನ್ನನ್ನೂ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾಗಿದೆ, ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ವಡೋದರಾದ ಗೊಬ್ಬರ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಸಾರಜನಕ ಅಳೆಯುತ್ತಲೇ ತಲೆ ನರೆಸಿಕೊಂಡವನು. ಹಾಗಾಗಿ ಇದು ಯೂರಿಯಾದ ಪರ ವಕಾಲತ್ತು ಎಂದು ಕೆಲವರಿಗೆ ಅನ್ನಿಸಬಹುದು. ನಾವಿರುವ ಜಾಗವೂ ಅಂಥದ್ದೇ. ಅಹಮದಾಬಾದಿನವರ ಮಗ್ಗುಲಲ್ಲಿ ಕಲೋಲ್‌ನ ಇಫ್ಕೊ, ವಡೋದರಾದ ಅಂಚಿನಲ್ಲಿ ಜಿಎಸ್‌ಎಫ್‌ಸಿ, ಸೂರತ್‌ನವರಿಗೆ ಹಜೀರಾದ ಕ್ರಿಭ್ಕೊ. ಮೂರೂ ಊರಿನ ಪಕ್ಕದಲ್ಲಿ ಹಗಲೂ ರಾತ್ರಿ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳ ಅನ್ನ ಅದರಿಂದಲೇ ಬಂದದ್ದು. ಆದರೂ ಬಾತಿನ ಮೇಲೆ ನನಗೆ ಯಾವ ಹಗೆಯೂ ಇಲ್ಲ. ವಿಡಿಯೊದಲ್ಲಿ ಕಂಡ ದೇಶದ ಬಾತಿಗೂ ನಮ್ಮ ದೇಶದ ಬಾತಿಗೂ ಮಣ್ಣಿನ ಮಟ್ಟಿಗೆ ದೊಡ್ಡ ವ್ಯತ್ಯಾಸವಿದೆ. ಹಣ ಹಾಕುವ ಮುಂಚೆ ಅದು ತಿಳಿದಿರಲಿ ಎಂಬುದಷ್ಟೇ ನನ್ನ ಉದ್ದೇಶ.

ಮೊದಲು ಜಪಾನ್. ಕ್ಯೂಶೂ ದ್ವೀಪದ ಫುಕುವೊಕಾ ಪ್ರಾಂತ್ಯದ ಕೇಯಿಸೆನ್ ಎಂಬ ಊರಿನ ರೈತ ತಕಾವೊ ಫುರುನೊ 1978ರಲ್ಲಿ ರಾಸಾಯನಿಕ ಬಿಟ್ಟು ಸಾವಯವ ಬೇಸಾಯಕ್ಕೆ ಇಳಿದರು. ಹತ್ತು ವರ್ಷ ಕಳೆಯ ಜೊತೆ ಗುದ್ದಾಡಿದ ಮೇಲೆ, 1988ರಲ್ಲಿ ಗದ್ದೆಗೆ ಬಾತು ಬಿಟ್ಟರು. ಕಾಡುಬಾತು ಮತ್ತು ಸಾಕುಬಾತಿನ ಮಿಶ್ರತಳಿಯಾದ ಈ ಹಕ್ಕಿಗೆ ಅಲ್ಲಿ ಐಗಾಮೊ ಎನ್ನುತ್ತಾರೆ. ನಾಟಿಯಾದ ಒಂದೆರಡು ವಾರಕ್ಕೆ ಎಳೆಯ ಮರಿಗಳನ್ನು ನೀರಿಗೆ ಬಿಡುತ್ತಾರೆ, ತೆನೆ ಹೊರಡುವ ಹೊತ್ತಿಗೆ ಹಿಡಿದು ಹೊರಗೆ ತೆಗೆಯುತ್ತಾರೆ. ತೆಗೆಯದಿದ್ದರೆ ಭತ್ತವನ್ನೇ ತಿಂದುಬಿಡುತ್ತವೆ. ನಡುವಿನ ಎರಡು ತಿಂಗಳು ಅವು ಕಳೆಯ ಮೊಳಕೆ ತಿನ್ನುತ್ತವೆ, ಜಿಗಿಹುಳ ಹೆಕ್ಕುತ್ತವೆ, ಕಾಲಿನಿಂದ ಕೆಸರು ಕದಡುತ್ತವೆ. ನೀರು ಕದಡಿ ಮಬ್ಬಾದರೆ ಬೆಳಕು ತಳಕ್ಕೆ ಇಳಿಯುವುದಿಲ್ಲ, ಹೊಸ ಕಳೆ ಮೇಲೇಳುವುದಿಲ್ಲ. ಬಾತಿನ ದೊಡ್ಡ ಕೆಲಸ ಇದೇ. ಫುರುನೊ ಬಾತಿನ ಹತ್ತಿರ ಹೋದದ್ದು ಕಳೆಯ ಕಾಟಕ್ಕೆ. ಗೊಬ್ಬರ ಅದರ ಹಿಂದೆ ತಾನಾಗಿ ಬಂತು.

ಇದಕ್ಕೆ ಜಪಾನಿನವರೇ ಒಂದು ಪುರಾವೆ ಕೊಟ್ಟಿದ್ದಾರೆ. ಐಗಾಮೊ ರೋಬೊ ಎಂಬ ಯಂತ್ರವನ್ನು ಅಲ್ಲಿನ ಇಸೆಕಿ ಕಂಪನಿ 2023ರಿಂದ ಮಾರುತ್ತಿದೆ. ಬಿಸಿಲಿನ ವಿದ್ಯುತ್ತಿನಿಂದ ಗದ್ದೆಯ ನೀರಿನ ಮೇಲೆ ತೇಲುತ್ತಾ ಹೋಗಿ ಕೆಸರು ಕದಡುವುದು ಅದರ ಕೆಲಸ. ಆ ಯಂತ್ರಕ್ಕೆ ಮೇವು ಬೇಡ, ನಾಯಿಯ ಭಯವಿಲ್ಲ, ಹಿಕ್ಕೆಯನ್ನೂ ಹಾಕುವುದಿಲ್ಲ. ಹಿಕ್ಕೆ ಇಲ್ಲದ ಬಾತನ್ನೂ ರೈತ ದುಡ್ಡು ಕೊಟ್ಟು ಕೊಳ್ಳುತ್ತಾನೆ ಎಂದ ಮೇಲೆ ಅವನಿಗೆ ಬೇಕಾದದ್ದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಲೆಕ್ಕ. ಫುರುನೊ ಪದ್ಧತಿಯಲ್ಲಿ ಕಾಲು ಎಕರೆಗೆ ಇಪ್ಪತ್ತರ ಆಸುಪಾಸು, ಅಂದರೆ ಎಕರೆಗೆ 80 ಬಾತು ಎಂದಿಟ್ಟುಕೊಳ್ಳಿ. ಗದ್ದೆಯಲ್ಲಿರುವ ಎರಡು ತಿಂಗಳಲ್ಲಿ ಒಂದು ಬಾತು ಸುಮಾರು 10 ಕೆಜಿ ಹಸಿ ಹಿಕ್ಕೆ ಹಾಕುತ್ತದೆ ಎಂಬುದು ಚೀನಾದ ಭತ್ತ–ಬಾತು ಬೇಸಾಯದಲ್ಲಿ ರೂಢಿಯಲ್ಲಿರುವ ಅಂದಾಜು. ಒಟ್ಟು 800 ಕೆಜಿ. ಹಸಿ ಹಿಕ್ಕೆಯಲ್ಲಿ ಸಾರಜನಕ ಸುಮಾರು ಶೇ 1.1, ರಂಜಕ ಶೇ 1.4, ಪೊಟ್ಯಾಷ್ ಶೇ 0.6. ಗುಣಿಸಿದರೆ ಎಕರೆಗೆ ಸಾರಜನಕ ಒಂಬತ್ತು ಕೆಜಿಗೂ ಕಡಿಮೆ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಇರುವುದು 20.7 ಕೆಜಿ. ಎಂಬತ್ತು ಬಾತುಗಳು ಎರಡು ತಿಂಗಳು ಬೆವರು ಸುರಿಸಿದರೂ ಅರ್ಧ ಚೀಲ ತುಂಬುವುದಿಲ್ಲ. ನೀರಾವರಿ ಭತ್ತಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ 100 ಕೆಜಿ, ಅಂದರೆ ಎಕರೆಗೆ 40 ಕೆಜಿ ಸಾರಜನಕ. ಅದರಲ್ಲಿ ಇದು ಐದನೇ ಒಂದು ಪಾಲು.

ರಂಜಕದ ಕತೆ ಸ್ವಲ್ಪ ಬೇರೆ. ಅದೇ 800 ಕೆಜಿಯಲ್ಲಿ 11 ಕೆಜಿ ರಂಜಕವಿದೆ, ಅರ್ಧ ಚೀಲ ಡಿಎಪಿಗೆ ಸಮ. ಅರ್ಧ ಚೀಲ ಯೂರಿಯಾ ಅಂಗಡಿಯಲ್ಲಿ 133 ರೂಪಾಯಿ, ಅರ್ಧ ಚೀಲ ಡಿಎಪಿ 675. ಎರಡೂ ಸಬ್ಸಿಡಿಯ ಬೆಲೆ, ನಿಜವಾದ ಖರ್ಚು ಸರ್ಕಾರದ ಖಾತೆಯಲ್ಲಿದೆ ಎನ್ನುವುದು ಬೇರೆ ಮಾತು. ಬಾತಿನ ಹಿಕ್ಕೆಗೆ ಬೆಲೆ ಕಟ್ಟುವುದಾದರೆ ಅದರ ರಂಜಕಕ್ಕೆ ಕಟ್ಟಿ. ಸಾರಜನಕಕ್ಕಾಗಿ ಬಾತು ಸಾಕುವವನು ಹಾಲಿಗಾಗಿ ಎತ್ತು ಕಟ್ಟಿದಂತೆ.

ಇನ್ನೂ ಒಂದು ವಿಷಯ ಈ ಲೆಕ್ಕದಲ್ಲಿ ಅಡಗಿದೆ. ಆ 800 ಕೆಜಿ ಎಲ್ಲಿಂದ ಬಂತು? ಬಾತು ಅದೇ ಗದ್ದೆಯ ಕಳೆ ತಿಂದು, ಅದೇ ಗದ್ದೆಯ ಹುಳ ತಿಂದು, ಅದೇ ಗದ್ದೆಯಲ್ಲಿ ಹಿಕ್ಕೆ ಹಾಕಿತು. ಗದ್ದೆಯಲ್ಲಿದ್ದುದೇ ಬೇರೆ ರೂಪ ತಾಳಿ, ಪೈರಿಗೆ ಬೇಗ ಸಿಗುವಂತಾಯಿತು. ಅದೂ ಲಾಭವೇ. ಆದರೆ ಮಣ್ಣಿನ ಖಾತೆಗೆ ಹೊಸದಾಗಿ ಜಮೆಯಾಗುವುದು ಹೊರಗಿನಿಂದ ತಂದು ಹಾಕಿದ ಮೇವಿನ ಪಾಲು ಮಾತ್ರ. ಜಪಾನಿನ ರೈತ ಸಂಜೆ ಹಿಡಿ ನುಚ್ಚು ಚೆಲ್ಲುತ್ತಾನಲ್ಲ, ಅದು ಜಮೆ. ದನದ ಗೊಬ್ಬರವೂ ಹೀಗೆಯೇ. ಗುಡ್ಡದಲ್ಲಿ ಮೇದ ಹಸು ಹಟ್ಟಿಗೆ ಬಂದು ಸಗಣಿ ಹಾಕಿದಾಗ ಗುಡ್ಡದ ಸತ್ವ ಗದ್ದೆಗೆ ಬರುತ್ತದೆ. ಯಾವ ಪ್ರಾಣಿಯೂ ಸತ್ವವನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ನಮ್ಮ ದೇಶದ ಬಾತಿನ ಬಗ್ಗೆ ಮಾತಾಡುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 3.3 ಕೋಟಿ ಬಾತುಗಳಿದ್ದವು. ಪಶ್ಚಿಮ ಬಂಗಾಳ, ಅಸ್ಸಾಂ ಮುಂದಿವೆ, ದಕ್ಷಿಣದಲ್ಲಿ ಕೇರಳದ ಕುಟ್ಟನಾಡಿನದು ದೊಡ್ಡ ಹೆಸರು. ಗುಜರಾತಿನಲ್ಲಿ ನಾವು ಕಾಣುವುದು ಬಹುಮಟ್ಟಿಗೆ ಕಾಡುಬಾತು. ಅಹಮದಾಬಾದಿನವರು ನಲ್ ಸರೋವರದಲ್ಲಿ, ನಾವು ಡಭೋಯಿ ಹತ್ತಿರದ ವಢವಾಣಾ ಕೆರೆಯಲ್ಲಿ ಚಳಿಗಾಲದ ಭಾನುವಾರ ದುರ್ಬೀನು ಹಿಡಿದು ನೋಡುವುದು ಅವನ್ನೇ. ಗಾಯಕವಾಡರು ನೀರಾವರಿಗೆಂದು ಕಟ್ಟಿಸಿದ ಕೆರೆ ಈಗ ಹಕ್ಕಿಗಳ ರಾಮ್ಸರ್ ತಾಣ. ಸಾಕುಬಾತಿನ ಹಿಂಡು ಇಲ್ಲಿ ಬೆಳೆಯದ್ದಕ್ಕೆ ತಿನ್ನುವವರ ಅಭ್ಯಾಸವೂ ಕಾರಣ. ಬಾವಳಾ, ಧೋಳಕಾ, ತಾರಾಪುರದಲ್ಲಿ ಭತ್ತವಿದೆ, ಬಾತಿನ ಮೊಟ್ಟೆ ಕೊಳ್ಳುವವರು ಬೇಕಲ್ಲ.

ಕರ್ನಾಟಕದಲ್ಲಿ ಹಾಗಲ್ಲ. ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆಯವರಿಗೆ, ಭದ್ರಾ ಕಾಲುವೆಯ ದಾವಣಗೆರೆ, ಹರಿಹರದವರಿಗೆ, ಮಂಡ್ಯದವರಿಗೆ ಈ ದೃಶ್ಯ ಗೊತ್ತು. ಭತ್ತ ಕೊಯ್ದು ಗದ್ದೆ ಕೂಳೆ ಬಿದ್ದ ಕೂಡಲೇ ಆಂಧ್ರ, ತಮಿಳುನಾಡಿನ ಕಡೆಯಿಂದ ಬಾತಿನವರು ಬರುತ್ತಾರೆ. ಅಂತಸ್ತು ಮಾಡಿದ ಲಾರಿಯಲ್ಲಿ ಸಾವಿರ, ಎರಡು ಸಾವಿರ ಬಾತು. ಕಾರಟಗಿ ದಾಟಿ ಸಿಂಧನೂರಿನ ರಸ್ತೆಯಲ್ಲಿ ನಾನು ಒಂದು ಹಿಂಡನ್ನು ಬೆಳಗಿನ ಜಾವ ಹತ್ತಿರದಿಂದ ನೋಡಿದ್ದೇನೆ. ಕಾಲುವೆಯ ಬದಿಯಲ್ಲಿ ಮೊಣಕಾಲೆತ್ತರದ ನೈಲಾನ್ ಬಲೆ, ಅದರೊಳಗೆ ಹಿಂಡು ಒತ್ತೊತ್ತಾಗಿ ನಿಂತು ಗಲಾಟೆ ಮಾಡುತ್ತಿದೆ, ಬಲೆ ಮಾತ್ರ ಇನ್ನೂ ತೆಗೆದಿಲ್ಲ. ಬಾತು ಮೊಟ್ಟೆ ಇಡುವುದು ನಸುಕಿನಲ್ಲಿ. ಬೇಗ ಬಿಟ್ಟರೆ ಮೊಟ್ಟೆ ಎಲ್ಲೆಲ್ಲೋ ಬೀಳುತ್ತದೆ. ಹಿಂಡಿನ ಯಜಮಾನ ಬುಟ್ಟಿ ಹಿಡಿದು ಬಗ್ಗಿ ಕೆಸರಿನಿಂದ ಒಂದೊಂದೇ ಮೊಟ್ಟೆ ಎತ್ತಿ, ಲುಂಗಿಗೆ ಒರೆಸಿ ಇಡುತ್ತಿದ್ದ. ಬಿಸಿಲು ಏರಿದ ಮೇಲೆ ತುದಿಗೆ ಪ್ಲಾಸ್ಟಿಕ್ ಚೂರು ಕಟ್ಟಿದ ಉದ್ದ ಕೋಲು ಬೀಸಿದಾಗ ಹಿಂಡು ಒಮ್ಮೆಲೇ ಹೊರಟಿತು. ಹಿಂದೆ ಉಳಿದ ಬಲೆಯೊಳಗಿನ ನೆಲ ನೋಡಬೇಕಿತ್ತು: ಬಿಳಿ, ಹಸಿರು ಹಿಕ್ಕೆಯ ದಪ್ಪ ಪದರ, ನಡುನಡುವೆ ಬಸವನಹುಳದ ಚಿಪ್ಪಿನ ಚೂರು, ಪುಕ್ಕ. ಮೂಗಿಗೆ ಅಮೋನಿಯಾ ಹೊಡೆಯಿತು. ಪ್ರಯೋಗಾಲಯದವನಿಗೆ ಪರಿಚಿತ ವಾಸನೆ.

ಆ ಬಿಳಿ ಭಾಗ ಯೂರಿಕ್ ಆಮ್ಲ. ಅದು ಒಡೆದು ಯೂರಿಯಾ ಆಗುತ್ತದೆ, ಯೂರಿಯಾ ಅಮೋನಿಯಾ ಆಗುತ್ತದೆ. ಕಾರ್ಖಾನೆಯಲ್ಲಿ ನಾವು ಅಮೋನಿಯಾದಿಂದ ಯೂರಿಯಾ ಮಾಡುತ್ತೇವೆ, ಬಾತಿನ ಹಿಕ್ಕೆ ಹಿಂದುಮುಂದಾಗಿ ನಡೆಯುತ್ತದೆ. ವಾಸನೆ ಬಂತು ಎಂದರೆ ಸಾರಜನಕ ಗಾಳಿಗೆ ಹೋಗುತ್ತಿದೆ ಎಂದರ್ಥ. ಬಿಸಿಲು ಹೆಚ್ಚಿದ್ದಷ್ಟೂ, ಮಣ್ಣು ಕ್ಷಾರವಾದಷ್ಟೂ ಈ ನಷ್ಟ ಹೆಚ್ಚು. ಸೂರತ್‌ನ ಕರಿಮಣ್ಣಿನಂತೆಯೇ ತುಂಗಭದ್ರಾ ಬಯಲಿನ ಎರೆಮಣ್ಣೂ ಕ್ಷಾರದ ಕಡೆಗೇ ವಾಲುತ್ತದೆ. ಅಲ್ಲಿ ಹಿಕ್ಕೆ ಬಿದ್ದ ನೆಲವನ್ನು ಬೇಗ ಮೇಲುಮೇಲೆಯಾದರೂ ಉತ್ತು ಮುಚ್ಚಬೇಕು.

ಈ ಬಾತಿನವರ ವ್ಯವಹಾರದಲ್ಲಿ ಒಂದು ವಿಚಿತ್ರವಿದೆ. ಕುರಿಯವನು ನಿಮ್ಮ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ನೀವು ಅವನಿಗೆ ಕಾಳೋ ದುಡ್ಡೋ ಕೊಡುತ್ತೀರಿ. ಬಾತಿನವನು ನಿಮ್ಮ ಗದ್ದೆಯಲ್ಲಿ ಮೇಯಿಸಿದರೆ ಹೆಚ್ಚಿನ ಕಡೆ ಅವನೇ ನಿಮಗೆ ಕೊಡುತ್ತಾನೆ. ಒಂದಿಷ್ಟು ದುಡ್ಡು, ಇಲ್ಲವೇ ಒಂದಿಷ್ಟು ಮೊಟ್ಟೆ. ಯಾವ ಕೃಷಿ ವಿಜ್ಞಾನಿಯನ್ನೂ ಕೇಳದೆ ರೈತರೇ ತೂಗಿ ಕೊಟ್ಟ ತೀರ್ಪು ಇದು. ಕುರಿ ಹಗಲು ಊರಿನ ಗೋಮಾಳ, ಬದು, ರಸ್ತೆಬದಿ ಮೇದು ರಾತ್ರಿ ನಿಮ್ಮ ಹೊಲಕ್ಕೆ ಸತ್ವ ತರುತ್ತದೆ, ಹಾಗಾಗಿ ಗೊಬ್ಬರಕ್ಕೆ ಬೆಲೆ. ಬಾತು ನಿಮ್ಮದೇ ಗದ್ದೆಯ ಉದುರುಭತ್ತ ತಿನ್ನುತ್ತದೆ, ಹಾಗಾಗಿ ಮೇವಿಗೆ ಬೆಲೆ. ಹಗಲು ಗದ್ದೆಯಲ್ಲೂ ಹಿಕ್ಕೆ ಬೀಳುತ್ತದೆ ನಿಜ. ಆದರೆ ರಾತ್ರಿಯ ಹಿಕ್ಕೆ, ಅಂದರೆ ದಿನದ ಅರ್ಧ ಪಾಲು, ಕಾಲುವೆಯ ಬದಿಯಲ್ಲಿ ಬಲೆ ಹಾಕಿದ ಆ ಒಂದೇ ತುಂಡು ನೆಲದಲ್ಲಿ ರಾಶಿ ಬಿದ್ದು ಹಾಳಾಗುತ್ತದೆ.

ಇದನ್ನು ಸರಿಮಾಡಲು ಜಪಾನಿನವರೆಗೆ ಹೋಗಬೇಕಿಲ್ಲ, ವಡೋದರಾದಿಂದ ಆಣಂದ್ ಕಡೆಗೆ ಹೊರಟರೆ ಸಾಕು. ಚರೋತರದ ಪಟೇಲರ ಹೊಲಗಳಲ್ಲಿ ಭರವಾಡರು, ಕಚ್ಛದಿಂದ ಬಂದ ರಬಾರಿಗಳು ಕುರಿಮಂದೆ ನಿಲ್ಲಿಸುವುದನ್ನು ನೀವೆಲ್ಲ ಕಾರಿನ ಕಿಟಕಿಯಿಂದ ನೋಡಿರುತ್ತೀರಿ. ಒಮ್ಮೆ ಇಳಿದು ನೋಡಿ. ಹೊಲದ ಯಜಮಾನ ಬೆಳಿಗ್ಗೆ ಬಂದು ನಿನ್ನೆಯ ಜಾಗ ನೋಡುತ್ತಾನೆ, ಇವತ್ತು ರಾತ್ರಿ ಇಲ್ಲಿಂದ ಅಲ್ಲಿಗೆ ಎಂದು ಕೈ ತೋರಿಸುತ್ತಾನೆ. ಮಂದೆ ದಿನವೂ ಸರಿಯುತ್ತದೆ, ಹೊಲ ಸಮನಾಗಿ ತುಂಬುತ್ತದೆ. ನಮ್ಮ ಕಡೆಯ ಕುರುಬರೂ ಮಂದೆ ಹಾಕುವುದು ಹೀಗೆಯೇ. ಇದೇ ಕಟ್ಟಳೆಯನ್ನು ಬಾತಿಗೂ ತಂದರೆ ಏನಾಗುತ್ತದೆ ನೋಡೋಣ.

ಸಾವಿರ ಬಾತಿನ ಹಿಂಡು. ದಿನಕ್ಕೆ ಒಂದಕ್ಕೆ 150 ಗ್ರಾಂ ಹಿಕ್ಕೆ, ರಾತ್ರಿಯ ಪಾಲು ಅರ್ಧ ಎಂದರೆ ಒಂದು ರಾತ್ರಿಗೆ 75 ಕೆಜಿ. ಬಲೆಯ ಜಾಗ ಎರಡು ಗುಂಟೆಯಷ್ಟು. ಪ್ರತಿ ಸಂಜೆ ಬಲೆಯನ್ನು ಎರಡು ಗುಂಟೆ ಆಚೆ ಸರಿಸಿದರೆ ಇಪ್ಪತ್ತು ರಾತ್ರಿಗೆ ಒಂದು ಎಕರೆ ಮುಗಿಯುತ್ತದೆ. ಆ ಎಕರೆಗೆ ಬಿದ್ದದ್ದು 1,500 ಕೆಜಿ ಹಿಕ್ಕೆ, ಅದರಲ್ಲಿ ಸಾರಜನಕ 16 ಕೆಜಿ, ರಂಜಕ 21 ಕೆಜಿ. ಗಾಳಿಗೆ ಹೋಗುವ ಸಾರಜನಕ ಕಳೆದರೂ ರಂಜಕ ಎಲ್ಲಿಗೂ ಹೋಗುವುದಿಲ್ಲ, ಅದೊಂದೇ ಒಂದು ಚೀಲ ಡಿಎಪಿಯ ಹತ್ತಿರ ಬಂತು. ಹಿಂಡು ಹಗಲು ನಿಮ್ಮ ಗದ್ದೆ ಬಿಟ್ಟು ಕೆರೆ, ಕಾಲುವೆ, ಪಕ್ಕದವರ ಕೂಳೆಯಲ್ಲಿ ಮೇದು ಬಂದಿದ್ದರೆ ಇದಿಷ್ಟೂ ನಿಮ್ಮ ಮಣ್ಣಿಗೆ ಹೊಸ ಜಮೆ. ಅದೇ ಬಲೆ ಇಪ್ಪತ್ತು ರಾತ್ರಿ ಒಂದೇ ಕಡೆ ಇದ್ದರೆ ಆ ಎರಡು ಗುಂಟೆಯಲ್ಲಿ ಪೈರು ಸೊಕ್ಕಿ ಮಲಗುತ್ತದೆ, ಉಳಿದ ಮೂವತ್ತೆಂಟು ಗುಂಟೆಗೆ ಏನೂ ಇಲ್ಲ.

ಆದ್ದರಿಂದ ನೀರಾವರಿ ಕಡೆಯ ಬಂಧುಗಳಿಗೆ ನನ್ನ ಸಲಹೆ: ಬಾತು ಕೊಳ್ಳಬೇಡಿ. ಬಾತಿನವನಿಂದ ಬರುವ ಮೇವಿನ ದುಡ್ಡನ್ನು ಬಿಟ್ಟುಬಿಡಿ. ಅದರ ಬದಲು ಬಲೆಯನ್ನು ಕಾಲುವೆಯ ಬದಿಯಿಂದ ಗದ್ದೆಗೆ ತರಲಿ, ದಿನವೂ ಸರಿಸಲಿ ಎಂದು ಕೇಳಿ. ಅವನಿಗೆ ಬಲೆ ಸರಿಸುವುದು ಅರ್ಧ ಗಂಟೆಯ ಕೆಲಸ, ಮೊಟ್ಟೆ ಹೆಕ್ಕಲು ಹೊಸ ನೆಲ ಸಿಕ್ಕರೆ ಕೊಳಕೂ ಕಡಿಮೆ. ನಿಮ್ಮ ಗೇಣಿದಾರ ಇದಕ್ಕೆ ಒಪ್ಪುವುದು ಸುಲಭವಲ್ಲ, ಏಕೆಂದರೆ ಆ ಮೇವಿನ ದುಡ್ಡು ಬಹುತೇಕ ಅವನ ಜೇಬಿಗೆ ಹೋಗುತ್ತದೆ. ಅಹಮದಾಬಾದಿನಲ್ಲಿ ಕುಳಿತ ನಿಮಗೆ ಮಣ್ಣು ಮುಂದಿನ ಹತ್ತು ವರ್ಷದ್ದು, ಒಂದು ವರ್ಷದ ಲಾವಣಿಗೆ ಹಿಡಿದವನಿಗೆ ಈ ಬೆಳೆಯದ್ದು. ಆ ನಷ್ಟವನ್ನು ಲಾವಣಿಯಲ್ಲಿ ಕಳೆದುಕೊಡುವ ದೊಡ್ಡ ಮನಸ್ಸು ಯಜಮಾನರಿಗೆ ಬೇಕು. ಯುಗಾದಿಯ ದಿನ ಮಾತಾಡಿದವರಲ್ಲಿ ಒಬ್ಬರೂ ಗೇಣಿದಾರನ ಸುದ್ದಿ ಎತ್ತಲಿಲ್ಲ ಎಂಬುದು ನನಗೆ ತುಸು ಬೇಸರದ ಸಂಗತಿ.

ಹಕ್ಕಿಜ್ವರದ ಮಾತನ್ನು ತಪ್ಪಿಸುವಂತಿಲ್ಲ. ಇಲ್ಲೂ ಎರಡು ದೇಶಗಳ ಕಾಲಮಾನ ಬೇರೆ. ಜಪಾನಿನ ಐಗಾಮೊ ಗದ್ದೆಯಲ್ಲಿರುವುದು ಜೂನ್‌ನಿಂದ ಆಗಸ್ಟ್, ವಲಸೆಯ ಕಾಡುಬಾತುಗಳು ಅಲ್ಲಿಗೆ ಇಳಿಯುವುದು ಚಳಿಗಾಲಕ್ಕೆ. ಎರಡರ ಭೇಟಿ ಕಡಿಮೆ. ನಮ್ಮಲ್ಲಿ ಮುಂಗಾರು ಭತ್ತ ಕೊಯ್ದು ಸಾಕುಬಾತು ಗದ್ದೆಗೆ ಬರುವುದು ನವೆಂಬರ್‌ನಿಂದ ಜನವರಿ, ಸರಿಯಾಗಿ ಅದೇ ತಿಂಗಳಲ್ಲಿ ಉತ್ತರದ ಹಕ್ಕಿಗಳು ನಮ್ಮ ಕೆರೆಗಳಿಗೆ ಇಳಿಯುತ್ತವೆ. ಕುಟ್ಟನಾಡಿನಲ್ಲಿ 2014ರ ನವೆಂಬರಿನಲ್ಲಿ, ಮತ್ತೆ 2021ರ ಜನವರಿಯಲ್ಲಿ ಬಾತುಗಳನ್ನು ರಾಶಿ ರಾಶಿಯಾಗಿ ಕೊಲ್ಲಬೇಕಾಗಿ ಬಂತು. ಸೂರತ್‌ನವರಿಗಂತೂ ನವಾಪುರ ಮರೆಯಲು ಸಾಧ್ಯವಿಲ್ಲ. ನಿಲ್ದಾಣದ ಅರ್ಧ ಗುಜರಾತ್, ಅರ್ಧ ಮಹಾರಾಷ್ಟ್ರ ಎಂದು ಭುಸಾವಳ ಮಾರ್ಗದ ರೈಲಿನಲ್ಲಿ ಮಕ್ಕಳಿಗೆ ತೋರಿಸುತ್ತೀರಲ್ಲ, ಅದೇ ಊರು. ಭಾರತದಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಾಣು ಮೊದಲು ಪತ್ತೆಯಾದದ್ದು 2006ರ ಫೆಬ್ರವರಿಯಲ್ಲಿ, ಅಲ್ಲಿನ ಕೋಳಿ ಫಾರಂಗಳಲ್ಲಿ. ನಮ್ಮ ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಗೂ 2012ರ ಅಕ್ಟೋಬರಿನಲ್ಲಿ ಅದು ಬಂತು. ಕೋಳಿಗೆ ಬಂದರೆ ಸತ್ತು ತಿಳಿಸುತ್ತದೆ, ಬಾತು ಎಷ್ಟೋ ಸಲ ಏನೂ ಆಗದಂತೆ ಓಡಾಡಿಕೊಂಡು ಹಿಕ್ಕೆಯಲ್ಲಿ ವೈರಾಣು ಹರಡುತ್ತದೆ. ಆ ವೈರಾಣು 37 ಡಿಗ್ರಿ ಸೆಖೆಯಲ್ಲಿ ಹಿಕ್ಕೆಯೊಳಗೆ ಆರು ದಿನ, 4 ಡಿಗ್ರಿ ಚಳಿಯಲ್ಲಿ 35 ದಿನ ಬದುಕಿದ್ದು ದಾಖಲಾಗಿದೆ. ಹೆದರಿಸಲು ಹೇಳುತ್ತಿಲ್ಲ. ಸುತ್ತಮುತ್ತ ಹಕ್ಕಿ ಸಾಯುತ್ತಿದೆ ಎಂಬ ಸುದ್ದಿ ಇದ್ದ ವರ್ಷ ಹಿಂಡನ್ನು ಒಳಗೆ ಬಿಡಬೇಡಿ, ಹಸಿ ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟಿಸಬೇಡಿ, ಮನೆಯ ಕೋಳಿಗೂ ಈ ಹಿಂಡಿಗೂ ದೂರವಿರಲಿ. ಇಷ್ಟು ಸಾಕು.

ಇನ್ನು ಉಡುಪಿ, ಕುಂದಾಪುರ, ಮಂಗಳೂರು ಕಡೆಯವರು. ಸೂರತ್, ವಡೋದರಾದ ಹೋಟೆಲುಗಳಲ್ಲಿ ನಿಮ್ಮ ಎರಡನೇ ತಲೆಮಾರು ಗಲ್ಲೆಯ ಮೇಲೆ ಕೂತಿದೆ, ಊರಿನ ಬೈಲುಗದ್ದೆ ಹಡಿಲು ಬಿದ್ದಿದೆ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳನ್ನು ಒಟ್ಟಿಗೆ ಉಳುಮೆ ಮಾಡಿಸಿದಾಗ ನಿಮ್ಮಲ್ಲಿ ಕೆಲವರ ಗದ್ದೆಗೂ ಬಹಳ ಕಾಲದ ಮೇಲೆ ಟಿಲ್ಲರ್ ಇಳಿಯಿತು. ವಿಡಿಯೊ ನೋಡಿ ಹೆಚ್ಚು ಉತ್ಸಾಹ ಬಂದಿರುವುದು ನಿಮಗೇ. ನಿಮ್ಮ ಊರಿಗೆ ಘಟ್ಟ ಇಳಿದು ಬಾತಿನ ಹಿಂಡುಗಳು ಬರುವ ರೂಢಿ ಇಲ್ಲ. ಕರಾವಳಿಯ ಗದ್ದೆಗಳಲ್ಲಿ ಎಲ್ಲೆಲ್ಲೂ ಕಾಣುವ ಎಂಒ-4 ಭತ್ತ ಹುಟ್ಟಿದ್ದು ಕುಟ್ಟನಾಡಿನ ಮಂಕೊಂಬಿನಲ್ಲಿ. ಬೀಜ ಅಲ್ಲಿಂದ ಬಂತು, ಬಾತು ಬರಲಿಲ್ಲ. ಹಾಗಾಗಿ ನಿಮಗೆ ಬಾತು ಬೇಕೆಂದರೆ ಸ್ವಂತದ್ದೇ ಆಗಬೇಕು.

ಮಣ್ಣಿನ ದೃಷ್ಟಿಯಿಂದ ನಿಮಗೇ ಅದು ಹೆಚ್ಚು ಒಪ್ಪುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮುರಕಲ್ಲಿನ ಹುಳಿಮಣ್ಣು, ಮೇಲೆ ಆಳೆತ್ತರದ ಮಳೆ. ಚೀಲದ ರಂಜಕ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂ ಹಿಡಿದು ಕಟ್ಟಿಹಾಕುತ್ತವೆ. ಹಿಕ್ಕೆಯಲ್ಲಿ ಸಾವಯವದ ಜೊತೆ ಬೆರೆತು ಬಂದ ರಂಜಕ ನಿಧಾನವಾಗಿ ಸಿಗುತ್ತದೆ. ಹುಳಿಮಣ್ಣಿನಲ್ಲಿ ಅಮೋನಿಯಾ ಗಾಳಿಗೆ ಹೋಗುವುದೂ ಕಡಿಮೆ. ಆದರೆ ಅಲ್ಲಿ ತೊಡಕು ಮಣ್ಣಿನದಲ್ಲ. ಫುರುನೊ ಅವರ ಬಾತುಗಳನ್ನೇ ಶುರುವಿನ ವರ್ಷಗಳಲ್ಲಿ ನಾಯಿಗಳು ಕೊಂದು ಹಾಕಿದವು, ವಿದ್ಯುತ್ ಬೇಲಿ ಹಾಕಿದ ಮೇಲಷ್ಟೇ ಅವರು ಉಸಿರಾಡಿದರು. ನಿಮ್ಮಲ್ಲಿ ಬೀದಿನಾಯಿ, ನರಿ, ಮುಂಗುಸಿ, ಹೆಬ್ಬಾವು. ಸಂಜೆ ಆರೂವರೆಗೆ ಬಾತನ್ನು ಗೂಡಿಗೆ ಹೊಡೆದು ಬಾಗಿಲು ಹಾಕುವವರು ಮನೆಯಲ್ಲಿ ಯಾರಿದ್ದಾರೆ? ಎಪ್ಪತ್ತು ದಾಟಿದ ಅಮ್ಮ ಒಬ್ಬರೇ ಇದ್ದರೆ ಅವರ ಮೇಲೆ ಎಂಬತ್ತು ಬಾತು ಹೇರುವುದು ನ್ಯಾಯವೇ? ಸಂಜೆ ಬಾಗಿಲು ಹಾಕುವ ಕೈ ಇರುವ ಮನೆಯಲ್ಲಿ ಹತ್ತು ಹದಿನೈದು ಸಾಕಲಿ. ಗೂಡಿನ ನೆಲಕ್ಕೆ ಭತ್ತದ ಹೊಟ್ಟು ಹರಡಿ, ತೆಗೆದ ಹೊಟ್ಟನ್ನು ಸೊಪ್ಪಿನ ಜೊತೆ ರಾಶಿ ಹಾಕಿ ಕೊಳೆಸಿ, ಎರಡು ಮೂರು ತಿಂಗಳ ಮೇಲೆ ತೆಂಗಿನ ಬುಡಕ್ಕೋ ಗದ್ದೆಗೋ ಹಾಕಲಿ. ರಾಶಿಯೊಳಗೆ ಕೈ ಇಟ್ಟರೆ ಸುಡುವಷ್ಟು ಬಿಸಿ ಏರಿರಬೇಕು.

ವಿಡಿಯೊದಲ್ಲಿ ತೋರಿಸದ ಇನ್ನೊಂದು ವಿಷಯ. ತೆನೆ ಬಂದ ಮೇಲೆ ಹೊರಗೆ ತೆಗೆದ ಬಾತುಗಳ ಗತಿ ಏನು? ಬೆಳೆದ ಬಾತು ಮುಂದಿನ ವರ್ಷ ಎಳೆಯ ಪೈರಿಗೆ ಆಗಿಬರುವುದಿಲ್ಲ, ತುಳಿದು ಹಾಕುತ್ತದೆ. ಜಪಾನಿನಲ್ಲಿ ಅವನ್ನು ಮಾಂಸಕ್ಕೆ ಮಾರುತ್ತಾರೆ, ಆ ದುಡ್ಡೂ ಸೇರಿಯೇ ಅಲ್ಲಿನ ರೈತನ ಲೆಕ್ಕ ಸರಿಹೋಗುವುದು. ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಜನ ಮೊಟ್ಟೆಯನ್ನೂ ಮುಟ್ಟದವರು. ಉಳಿದವರಿಗೆ ಅಡ್ಡಿಯಿಲ್ಲ, ಮಂಗಳೂರಿನ ಕಡೆ ಬಾತಿನ ಸಾರಿಗೆ ಗಿರಾಕಿಗಳೂ ಇದ್ದಾರೆ. ಆದರೆ ಹಣ ಹಾಕುವ ಮುಂಚೆ ಈ ಮಾತು ಬಾಯಿಬಿಟ್ಟು ಆಡಿಕೊಳ್ಳುವುದು ಒಳ್ಳೆಯದು. ಅರ್ಧ ದಾರಿಯಲ್ಲಿ ಧರ್ಮಸಂಕಟ ಬೇಡ.

ಬರೀ ಗೊಬ್ಬರವೇ ಗುರಿಯಾಗಿದ್ದರೆ ನಾವು ಕೂತಿರುವ ರಾಜ್ಯದಲ್ಲೇ ಅದಕ್ಕಿಂತ ಗಟ್ಟಿ ಸರಕಿದೆ. ದೇಶದ ಹರಳಿನಲ್ಲಿ ಸಿಂಹಪಾಲು ಬೆಳೆಯುವುದು ಗುಜರಾತ್. ಎಣ್ಣೆ ತೆಗೆದ ಹರಳಿಂಡಿಯಲ್ಲಿ ಸಾರಜನಕ ಶೇ 4ಕ್ಕೂ ಮೇಲೆ, ಬಾತಿನ ಹಸಿ ಹಿಕ್ಕೆಯ ನಾಲ್ಕು ಪಟ್ಟು. ಚರೋತರದ ತಂಬಾಕಿನವರು ಇದನ್ನು ನಂಬಿಯೇ ಬೆಳೆ ತೆಗೆಯುತ್ತಾರೆ. ಇದರಲ್ಲಿ ವಿಷವಿದೆ, ದನದ ಬಾಯಿಗೆ ಸಿಗದಂತೆ ಇಡಬೇಕು. ಇನ್ನೊಂದು ದಾರಿ ಆಣಂದ್ ಜಿಲ್ಲೆಯ ಜಕರಿಯಾಪುರ, ಮುಜ್ಕುವಾ ಹಳ್ಳಿಗಳದು. ಅಲ್ಲಿ ಮನೆಮನೆಯ ಬಯೋಗ್ಯಾಸ್ ಗುಂಡಿಯ ಬಗ್ಗಡಕ್ಕೆ ಬೆಲೆ ಕಟ್ಟಿ ಕೊಳ್ಳುವ ವ್ಯವಸ್ಥೆಯನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ (ಎನ್‌ಡಿಡಿಬಿ) ನೆರವಿನಿಂದ ಹೆಂಗಸರೇ ಕಟ್ಟಿಕೊಂಡಿದ್ದಾರೆ. ಆಣಂದ್ ನಮಗೆಲ್ಲ ಅಮುಲ್‌ನ ಊರು. ಒಂದು ಭಾನುವಾರ ಮೂರೂ ನಗರದವರು ಅಲ್ಲಿಗೆ ಹೋಗಿ ಬಗ್ಗಡದ ವ್ಯವಹಾರ ನೋಡಿ ಬರೋಣ, ಏರ್ಪಾಟು ನಾನು ಮಾಡುತ್ತೇನೆ. 

ತುಂಗಭದ್ರಾ ಕಡೆಯವರಿಗೆ ಮಾತ್ರ ಸಮಯ ಕಡಿಮೆ ಇದೆ. ಕೊಯ್ಲಿನ ಮಷಿನ್ ಗದ್ದೆಗೆ ಇಳಿಯುವ ಮುಂಚೆಯೇ ಊರಿಗೆ ಫೋನ್ ಮಾಡಿ ಮೂರು ವಿಷಯ ಮಾತಾಡಿಕೊಳ್ಳಿ. ಹುಲ್ಲಿಗೆ ಬೆಂಕಿ ಹಾಕಬಾರದು, ಹಾಕಿದರೆ ಉದುರುಭತ್ತ ಸುಟ್ಟುಹೋಗಿ ಬಾತಿನವನು ತಿರುಗಿಯೂ ನೋಡುವುದಿಲ್ಲ. ಬಲೆ ಸರಿಸುವ ಕರಾರನ್ನು ಹಿಂಡು ಊರಿಗೆ ಬರುವ ಮುಂಚೆ ಗೇಣಿದಾರನ ಜೊತೆ ಗಟ್ಟಿ ಮಾಡಿಕೊಳ್ಳಿ, ಲಾವಣಿಯಲ್ಲಿ ಎಷ್ಟು ಬಿಡುತ್ತೀರಿ ಎಂಬುದನ್ನು ನೀವೇ ಮೊದಲು ಹೇಳಿ. ಗದ್ದೆಗೆ ಕೊನೆಯ ಔಷಧಿ ಯಾವಾಗ ಹೊಡೆದದ್ದು, ಯಾವುದು ಹೊಡೆದದ್ದು ಎಂದು ಕೇಳಿ ತಿಳಿದುಕೊಳ್ಳಿ. ಅದರ ಉತ್ತರ ಸರಿಯಾಗಿ ಸಿಗದ ಗದ್ದೆಗೆ ಯಾರ ಬಾತನ್ನೂ ಇಳಿಸಬೇಡಿ. ಸಾವಿರ ಬಾತು ಸತ್ತರೆ ಬೀದಿಗೆ ಬೀಳುವುದು ಆ ಲುಂಗಿಯವನ ಸಂಸಾರ.

ಇಂತಿ ನಿಮ್ಮ ವಿಶ್ವಾಸಿ,
ವಡೋದರಾದ ಒಬ್ಬ ನಿವೃತ್ತ ಗೊಬ್ಬರದವನು